ಮಾರದ ಮಜ್ಜಿಗೆ

"ಬಳಿ ತಗೀರಿ."

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಊಟಕ್ಕೆ ನಿಂತ ಹತ್ತು ಜನರ ಮುಂದೆ ಒಬ್ಬ ಗಂಡಸು ಒಬ್ಬ ಹೆಣ್ಣುಮಗಳಿಗೆ ಹೀಗೆ ಹೇಳಿಬಿಟ್ಟ!

ರೊಟ್ಟಿ ಬಡಿಯುತ್ತಿದ್ದ ಸುರೇಖಾಳ ಕೈ ನಿಂತಿತು. ಗಿರಾಕಿಗಳ ಬಾಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಪಕ್ಕದಲ್ಲಿ ಚಹಾ ಸೋಸುತ್ತಿದ್ದ ಸುಲ್ತಾನಬಿಯ ಲೋಟ ತುಂಬಿ ಹೊರಗೆ ಚೆಲ್ಲಿತು.

"ಏನಂದ್ರಿ?"

"ಬಳಿ, ಉಂಗುರ, ವಾಚು ಹಾಕ್ಕೊಂಡು ಅಡಗಿ ಮಾಡಾಂಗಿಲ್ರಿ. ನಿಯಮ ಐತಿ. ಬಳಿ ಸಂದ್ಯಾಗ ಹಿಟ್ಟು ಕೂಡತೈತಿ, ಹೊಲಸು ಕೂಡತೈತಿ. ತಲಿಗಿ ಬಟ್ಟಿ ಇಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲ, ನೋಂದಣಿ ಇಲ್ಲ. ಮೊದಲ ಬಳಿ ತಗೀರಿ. ಉಳದದ್ದು ಆಮ್ಯಾಲ ಮಾತಾಡೂಣು."

ಹೇಳಿದವನು ಸಂಜೀವಕುಮಾರ. ತಾಲೂಕಿಗೆ ಹೊಸದಾಗಿ ಬಂದಿದ್ದ ಆಹಾರ ಇನ್‌ಸ್ಪೆಕ್ಟರ್. ಬಸವನ ಬಾಗೇವಾಡಿಯವನು, ವಯಸ್ಸು ಮೂವತ್ನಾಲ್ಕು, ಇನ್ನೂ ಮದುವೆಯಿಲ್ಲ. ಹೇಗೆ ಆಗಬೇಕು? ಮೂರು ಊರಿಗೆ ಹೆಣ್ಣು ನೋಡಲು ಹೋಗಿ, ಮೂರೂ ಕಡೆ ಹೆಣ್ಣಿಗಿಂತ ಮೊದಲು ಮುಚ್ಚಳವಿಲ್ಲದ ನೀರಿನ ಕೊಡ ನೋಡಿ, ಅದರ ಬಗ್ಗೆ ಎರಡು ಮಾತು ಹೇಳಿ ಬಂದಿದ್ದನಂತೆ ಪುಣ್ಯಾತ್ಮ.

ಸುರೇಖಾ ತನ್ನ ಮೂರು ಗಾಲಿಯ ಟಂಟಂ ಗಾಡಿಯಿಂದ ಕೆಳಗಿಳಿದಳು. ಎರಡೂ ಕೈ ಅವನ ಮುಖದ ಮುಂದೆ ಹಿಡಿದಳು. ಹಿಟ್ಟು ಮೆತ್ತಿದ ಹಸಿರು ಗಾಜಿನ ಬಳೆಗಳು.

"ನೋಡ್ರಿ ಸಾಹೇಬ್ರ. ನನ್ನ ಗಂಡ ಸತ್ತ ಹನ್ನೊಂದನೇ ದಿನಾ ಊರ ಹೆಣ್ಮಕ್ಕಳು ಕಲ್ಲು ಹಿಡಕೊಂಡು ಬಂದಿದ್ರು, ಇವನ್ನ ಒಡ್ಯಾಕ. ನಮ್ಮತ್ತಿ ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು ಕುಂತ್ಲು. ಮೊದಲ ನನ್ನ ಕೈ ಒಡೀರಿ ಅಂದ್ಲು. ಅವತ್ತು ತಗೀದ ಬಳಿ ಇವತ್ತು ನಿಮ್ಮ ನಿಯಮಕ್ಕ ತಗೀಲೇನು?"

ಸಂಜೀವಕುಮಾರ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. ತಲೆ ತಗ್ಗಿಸಿ ಜೀಪಿನ ಕಡೆ ನಡೆದುಬಿಟ್ಟ.

'ಹೋಗು... ಇನ್ನೊಮ್ಮೆ ಈ ಕಡೆ ತಲೆ ಹಾಕಬೇಡ' ಎಂದುಕೊಂಡಳು ಸುರೇಖಾ. ಸಿಟ್ಟು ಇಳಿದ ಮೇಲೆ ಎದೆಯೊಳಗೆ ಹೆದರಿಕೆ ಶುರುವಾಯಿತು. ಈ ಟಂಟಂ ಗಂಡ ಕಾಂತು ಬಿಟ್ಟುಹೋದ ಒಂದೇ ಆಸ್ತಿ. ಅವನಿದ್ದಾಗ ಅದರಲ್ಲಿ ಕುರಿ ಸಂತೆಗೆ ಹೋಗುತ್ತಿದ್ದವು. ಒಂದು ದಿನ ಎದೆನೋವೆಂದು ಕುಳಿತ ಕಾಂತು ಮತ್ತೆ ಏಳಲಿಲ್ಲ. ಆಮೇಲೆ ಅವಳು ಹಿಂದಿನ ಡಬ್ಬಿ ತೊಳೆದು, ತಗಡು ಬಡಿಸಿ, ಒಲೆ ಹೂಡಿ, ದಿನಾ ಕನ್ನೊಳ್ಳಿಯಿಂದ ಸಿಂದಗಿಗೆ ತಾನೇ ಗಾಡಿ ಓಡಿಸಿಕೊಂಡು ಬರುತ್ತಿದ್ದಳು. ಇದು ನಿಂತರೆ ಅತ್ತೆ ಸೊಸೆ ಇಬ್ಬರ ಬದುಕೂ ನಿಂತ ಹಾಗೆ.

ಮರುದಿನ ಅವನು ಮತ್ತೆ ಬಂದ! ಗಿರಾಕಿಗಳಿಲ್ಲದ ಹೊತ್ತು ನೋಡಿಯೇ ಬಂದಿದ್ದ. ಕೈಯಲ್ಲೊಂದು ಪೇಪರಿನ ಪೊಟ್ಟಣ.

"ನಿನ್ನೆ ತಪ್ಪು ಮಾತಾಡಿದೆ. ನನಗ ಗೊತ್ತಿರಲಿಲ್ರಿ."

ಸುರೇಖಾ ತಲೆಯೆತ್ತದೆ ಬದನೆಕಾಯಿ ಸೀಳುತ್ತಿದ್ದಳು.

ಅವನು ಪೊಟ್ಟಣ ಬಿಚ್ಚಿದ. ಬಿಳಿ ಬಟ್ಟೆಯ ಎರಡು ತೋಳುಗಳು. ಅಂಗಿಯಿಲ್ಲ, ಬರೀ ತೋಳು! ಮಣಿಕಟ್ಟಿನಿಂದ ಮೊಣಕೈವರೆಗೆ ಬರುವಂಥವು, ಎರಡೂ ತುದಿಗೆ ಇಲಾಸ್ಟಿಕ್.

"ಬಳಿ ಊಟಕ್ಕ ತಾಗಬಾರದು ಅಂತ ಅಷ್ಟ ನಿಯಮ. ತಗೀಬ್ಯಾಡ್ರಿ... ಮುಚ್ಚ್ರಿ, ಸಾಕು. ದರ್ಜಿಗೆ ಹೇಳಿ ಹೊಲಿಸೇನಿ. ಅಳತಿ ಅಂದಾಜಿನ್ಯಾಗ ಕೊಟ್ಟೇನಿ, ನೋಡ್ರಿ."

ಅವಳು ಬೇಕೋ ಬೇಡವೋ ಎನ್ನುವಂತೆ ಹಾಕಿಕೊಂಡು ನೋಡಿದಳು. ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ. 'ನಿನ್ನೆ ಅಷ್ಟು ಬೈಸಿಕೊಳ್ಳುವಾಗ ಇವನು ನನ್ನ ಕೈಯ ಅಳತೆ ನೋಡುತ್ತಿದ್ದನೇ?' ಎಂದು ಅವಳಿಗೆ ನಗು ಬಂತು. ಕಷ್ಟಪಟ್ಟು ತಡೆದುಕೊಂಡಳು.

"ಯಾ ಅಲ್ಲಾ!" ಎಂದಳು ಸುಲ್ತಾನಬಿ ಪಕ್ಕದಿಂದ. "ಸಾಹೇಬರು ನೋಟಿಸ್ ಕೊಡೂದು ಬಿಟ್ಟು ತೋಳು ಹೊಲಿಸಿ ಕೊಡಾಕತ್ತಾರ ನೋಡವಾ!"

ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.

ಅವತ್ತೇ ಅವನು ಅರ್ಜಿ ತುಂಬಲು ಕುಳಿತ. ಊಟದ ಹೊತ್ತು ಮೀರಿತ್ತು. ಸುರೇಖಾ ಎರಡು ರೊಟ್ಟಿ, ಪಲ್ಯ ಕೊಟ್ಟಳು. ಎಲ್ಲರಿಗೂ ಕೊಡುವಂತೆ ಚರಗಿ ತುಂಬ ಮಜ್ಜಿಗೆಯನ್ನೂ ಕೊಟ್ಟಳು.

"ಏನೇನ್ ಮಾರ್ತೀರಿ, ಹೇಳ್ರಿ."

"ಜ್ವಾಳದ ರೊಟ್ಟಿ, ಬದ್ನಿಕಾಯಿ ಎಣಗಾಯಿ, ಹೆಸರಕಾಳ ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು."

"ಮತ್ತ?"

"ಇಷ್ಟ ರಿ."

ಬರೆದುಕೊಂಡ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಮಜ್ಜಿಗೆಯ ಚರಗಿ. ಅದನ್ನು ಬರೆಸಬೇಕೆಂದು ಅವಳಿಗೂ ಹೊಳೆಯಲಿಲ್ಲ, ಬರೆಯಬೇಕೆಂದು ಅವನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಈ ಕಡೆ ಹಾಲು ಮಾರುತ್ತಾರೆ, ಬೆಣ್ಣೆ ಮಾರುತ್ತಾರೆ. ಮಜ್ಜಿಗೆಯನ್ನು ಮಾತ್ರ ಮನೆತನಸ್ಥರು ಯಾರೂ ಮಾರುವುದಿಲ್ಲ. ಬಂದವರಿಗೆ ಕೊಡುತ್ತಾರೆ. ಬೇಡ ಎನ್ನುವವರೂ ಇಲ್ಲ.

"ಮಜ್ಜಿಗಿಗಿ ರೊಕ್ಕಾ ಇಸ್ಕೊಂಡ್ರ ನನ್ನ ಎಮ್ಮಿ ಹಾಲು ಬತ್ತತೈತಿ" ಎನ್ನುತ್ತಿದ್ದಳು ಅತ್ತೆ ಚಂದವ್ವ. ನಸುಕಿನಲ್ಲೆದ್ದು ತಾನೇ ಕಡೆದು, ನೀರು ಬೆರೆಸಿ, ದೊಡ್ಡ ಸ್ಟೀಲ್ ಕ್ಯಾನಿಗೆ ತುಂಬಿ ಸೊಸೆಯ ಗಾಡಿಯಲ್ಲಿಡುತ್ತಿದ್ದಳು.

"ನೀರು ಯಾವುದು ಬಳಸ್ತೀರಿ?" ಎಂದು ಸಂಜೀವಕುಮಾರ ಕೇಳಿದ.

"ಇಲ್ಲೇ ಫಿಲ್ಟರ್ ನೀರು ರಿ. ಅನ್ನಕ್ಕ, ಸಾರಿಗಿ, ಕುಡ್ಯಾಕ, ಎಲ್ಲಾದಕ್ಕೂ ಅದ."

ಅವಳು ಸುಳ್ಳು ಹೇಳಲಿಲ್ಲ. ಮಾರುವ ಅಡುಗೆಗೆಲ್ಲ ಅದೇ ನೀರು. ಮಜ್ಜಿಗೆಗೆ ಮಾತ್ರ ಚಂದವ್ವ ಸುರಿಯುತ್ತಿದ್ದುದು ಕನ್ನೊಳ್ಳಿಯ ಮನೆ ಹಿಂದಿನ ಹಳೆಯ ಬಾವಿಯ ನೀರು. ಆ ನೀರಿನಿಂದಲೇ ರುಚಿ ಎಂಬುದು ಅವಳ ಹಟ.

ಸಂಜೀವಕುಮಾರ ಫಿಲ್ಟರ್ ನೀರನ್ನು ಬಾಟಲಿಗೆ ಹಿಡಿದು ಪರೀಕ್ಷೆಗೆ ಕಳಿಸಿದ. ಆಮೇಲೆ ಸರಕಾರಿ ಆಸ್ಪತ್ರೆ. ರಕ್ತ ಕೊಟ್ಟಳು, ಕೈಯ ಚರ್ಮ, ಉಗುರು ತೋರಿಸಿದಳು, ಟೈಫಾಯಿಡ್ ಸೂಜಿ ಚುಚ್ಚಿಸಿಕೊಂಡಳು. ಸಣ್ಣ ಡಬ್ಬಿ ಕೊಟ್ಟು ನಾಳೆ ಬೆಳಿಗ್ಗೆ ಏನು ತರಬೇಕೆಂದು ನರ್ಸ್ ಹೇಳಿದಾಗ ಮಾತ್ರ ನಾಚಿಕೆಯಿಂದ ಓಡಿಬರುವುದರಲ್ಲಿದ್ದಳು!

"ನಾನೂ ವರ್ಷಾ ವರ್ಷಾ ಕೊಡ್ತೇನಿ ರಿ, ಅದರಾಗೇನೈತಿ?" ಎಂದ ಹೊರಗೆ ಕಾಯುತ್ತಿದ್ದ ಸಂಜೀವಕುಮಾರ, ಬಹಳ ಗಂಭೀರವಾಗಿ.

ಅವಳು ಈ ಸಲ ನಗು ತಡೆಯಲಿಲ್ಲ. ಕಾಂತು ಹೋದ ಮೂರು ವರ್ಷದಲ್ಲಿ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಅವಳ ನಗು ನೋಡುತ್ತ ಹಾಗೆಯೇ ನಿಂತ.

ನೋಂದಣಿ ಚೀಟಿ ಬಂತು. ಚಂದವ್ವ ಅದಕ್ಕೆ ಕುಂಕುಮ ಹಚ್ಚಿ, ಟಂಟಂನ ಗಾಜಿಗೆ ಅಂಟಿಸಿದಳು. ಅಂದಿನಿಂದ ದಿನಾ ಒಂದೂವರೆಗೆ ಸಂಜೀವಕುಮಾರ ಊಟಕ್ಕೆ ಬರುತ್ತಿದ್ದ. ಅವಳ ಉಗುರು ನೋಡುತ್ತಿದ್ದ, ಕಸದ ಡಬ್ಬಿಯ ಮುಚ್ಚಳ ನೋಡುತ್ತಿದ್ದ, ಮಳೆಗಾಲದಲ್ಲಿ ಕುಡಿಯುವ ನೀರು ಕುದಿಸಿ ಆರಿಸಬೇಕು ಎನ್ನುತ್ತಿದ್ದ, ಎಲ್ಲ ಸರಿಯಿದ್ದರೂ ಹೊರಡುತ್ತಿರಲಿಲ್ಲ. ಅವನಿಗಾಗಿ ಅವಳು ಕೊನೆಯ ಎರಡು ರೊಟ್ಟಿ ಎತ್ತಿಡುತ್ತಿದ್ದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬರುತ್ತಿತ್ತಲ್ಲ... ಅದೇ ಭಯ.

ವರ್ಷದ ಮೊದಲ ಮಳೆ, ಮಿರಗದ ಮಳೆ ಶುರುವಾದ ವಾರ, ಒಂದು ಶನಿವಾರ, ಕೈ ತೊಳೆದು ಬಂದವನು ಚರಗಿ ಹಿಡಿದುಕೊಂಡೇ ಕೇಳಿದ.

"ಸೋಮವಾರ ಸಂಜೀಕ ಕನ್ನೊಳ್ಳಿಗಿ ಬರ್ತೇನಿ. ನಿಮ್ಮ ಅತ್ತಿಯವರನ್ನ ಕೇಳಬೇಕು."

"ಏನು ಕೇಳ್ತೀರಿ?"

"ನಿಮ್ಮನ್ನ."

ಸುರೇಖಾಳ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು.

"ನಿಮ್ಮ ಮನ್ಯಾಗ...? ಜಾತಿ ಬ್ಯಾರೆ. ನಾ ಗಂಡ ಸತ್ತಾಕಿ..."

"ಮಾತು ಬರತಾವ. ಬರ್ಲಿ, ಅವನ್ನ ನಾ ನೋಡ್ಕೋತೇನಿ. ನಿಮ್ಮ ಮಂದ್ಯಾಗ ಉಡಕಿ ಮಾಡ್ಕೊಡ್ತಾರ ಅಂತ ಸುಲ್ತಾನಬಿ ಹೇಳಿದ್ಲು. ನೀವು ಹೂಂ ಅಂದ್ರ..."

ಉಡಕಿ ಎಂದರೆ ಗಂಡ ಸತ್ತವಳಿಗೆ ಹಿರಿಯರು ಸೀರೆ ಉಡಿಸಿ ಮಾಡಿಕೊಡುವ ಮದುವೆ. ಸುರೇಖಾ ಹೂಂ ಅನ್ನಲಿಲ್ಲ. ಬಿಳಿ ತೋಳಿನಲ್ಲಿ ಕಣ್ಣೊರೆಸಿಕೊಂಡು, ಅವನ ಚರಗಿಗೆ ಇನ್ನೊಂದಿಷ್ಟು ಮಜ್ಜಿಗೆ ಸುರಿದಳು. ಅವನಿಗೆ ಅಷ್ಟು ಸಾಕಾಯಿತು.

ಮನೆಗೆ ಹೋಗಿ ಹೇಳಿದಾಗ ಚಂದವ್ವ ಸೊಸೆಯ ಗಲ್ಲ ಹಿಡಿದು ಅತ್ತುಬಿಟ್ಟಳು.

"ಹೋದಾವ ಹೋದ. ನೀ ನನ್ನ ಮಗಳು. ಬರ್ಲಿ ಆ ಹುಡುಗ, ನಾ ಕುಂದರಿಸಿ ಮಾತಾಡ್ತೇನಿ."

ಆದರೆ ಸೋಮವಾರ ಸಂಜೆಗಿಂತ ಮೊದಲು ಸೋಮವಾರ ಬೆಳಿಗ್ಗೆ ಬಂತು.

ಟಂಟಂನಲ್ಲಿ ಇನ್ನೂ ಒಲೆ ಹೊತ್ತಿಸಿರಲಿಲ್ಲ. ಜೀಪು ಬಂದು ನಿಂತಿತು. ಸಂಜೀವಕುಮಾರ ಇಳಿದ, ಜೊತೆಗೆ ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿಯೊಬ್ಬರು. ಅವನ ಮುಖ ಬಾಡಿ ಹೋಗಿತ್ತು, ಕಣ್ಣು ಒಳಗೆ ಇಳಿದಿದ್ದವು.

"ಶನಿವಾರ ಇಲ್ಲಿ ಉಂಡವರಾಗ ಹದಿನೇಳು ಮಂದಿಗಿ ವಾಂತಿಭೇದಿ ಆಗೈತಿ" ಎಂದ, ಕೈಯಲ್ಲಿದ್ದ ಕಾಗದ ನೋಡುತ್ತ. "ಕಂಡಕ್ಟರ್ ಧರ್ಮರಾಜಗ ಸಲಾಯಿನ್ ಹಚ್ಚ್ಯಾರ. ಎಲ್ಲಾದರದೂ ಸ್ಯಾಂಪಲ್ ತಗೋಬೇಕು."

ಸುರೇಖಾ ಗಾಡಿಯ ಅಂಚು ಹಿಡಿದುಕೊಂಡಳು. ಧರ್ಮರಾಜ! ಎರಡು ವರ್ಷದಿಂದ ದಿನಾ ಉಣ್ಣುವವನು, ಅವಳನ್ನು ತಂಗಿ ಎನ್ನುವವನು.

"ನನ್ನ ಅಡಗ್ಯಾಗ ಏನಿಲ್ರಿ... ನೀವs ನೋಡೀರಿ. ನೀರೂ ನೀವs ಪರೀಕ್ಷಾ ಮಾಡಿಸೀರಿ."

ಹಿರಿಯ ಅಧಿಕಾರಿ ಕ್ಯಾನಿನ ಕಡೆ ಬೊಟ್ಟು ಮಾಡಿದರು. ಸಂಜೀವಕುಮಾರ ಅತ್ತ ನೋಡಿದ. ನೋಡುತ್ತಲೇ ನಿಂತ.

"ಮಜ್ಜಿಗಿ ನೀರು... ಎಲ್ಲಿಂದು?"

"ಮಜ್ಜಿಗಿ ನಾ ಮಾರಂಗಿಲ್ಲಲ್ರಿ" ಎಂದಳು ಅವಳು, ಅಷ್ಟೇ ಸರಳವಾಗಿ. "ಅದು ಮನೀದು. ಬಾವಿ ನೀರಿಂದು."

ಅವನ ಪೆನ್ನು ನಿಂತಿತು. ಒಂದು ಕ್ಷಣ ಕಣ್ಣು ಮುಚ್ಚಿದ. ಮತ್ತೆ ಬರೆಯತೊಡಗಿದ.

"ನೋಂದಣಿ ಅಮಾನತು. ಮುಂದಿನ ಆದೇಶ ಬರೂತನಕ ಗಾಡಿ ಹಚ್ಚಾಂಗಿಲ್ಲ."

'ಒಂದು ಸಲ ನನ್ನ ಮುಖ ನೋಡು... ಒಂದೇ ಸಲ. ಹೆದರಬ್ಯಾಡ ಅನ್ನು... ಕಣ್ಣಿನಲ್ಲಾದರೂ ಅನ್ನು' ಎಂದು ಅವಳ ಜೀವ ಬೇಡಿಕೊಳ್ಳುತ್ತಿತ್ತು. ಅವನು ನೋಡಲಿಲ್ಲ. ಗಾಜಿಗೆ ಅಂಟಿಸಿದ್ದ, ಕುಂಕುಮ ಹಚ್ಚಿದ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿಕೊಂಡ.

ಸುರೇಖಾ ಎರಡೂ ಬಿಳಿ ತೋಳುಗಳನ್ನು ಕಳಚಿದಳು. ಜೀಪಿನೊಳಗೆ ಎಸೆದಳು.

"ಸೋಮವಾರ ಬರ್ತೇನಿ ಅಂದಿದ್ರಿ. ಬಂದ್ರಿ. ಭಾಳ ಉಪಕಾರ ಆತು."

ಮನೆಗೆ ಬಂದವಳಿಗೆ ಅತ್ತೆಯ ಮುಂದೆ ಬಾಯಿ ಬಿಡಲಾಗಲಿಲ್ಲ. ಚಂದವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, ಅಂಗಳ ಸಾರಿಸಿ, ಜಮಖಾನ ಹಾಸಿ ಕುಳಿತಿದ್ದಳು! ಹೇಗೆ ಹೇಳುವುದು? ತಲೆನೋವೆಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವನಂತೂ ಇನ್ನು ಬರುವುದಿಲ್ಲ. ಕಾದು ಕಾದು ಮುದುಕಿಗೆ ತಾನೇ ತಿಳಿಯಲಿ ಎಂದುಕೊಂಡಳು.

ಸಂಜೆ ಐದಕ್ಕೆ ಅಂಗಳದಲ್ಲಿ ಜೀಪಿನ ಸದ್ದಾಯಿತು.

"ಬಂದ್ರಬೇ ಸುರೇಖಾ! ಬಂದ್ರು!" ಎಂದು ಚಂದವ್ವ ಎದ್ದಳು.

ಸುರೇಖಾ ಬಾಗಿಲ ಸಂದಿಯಿಂದ ನೋಡಿದಳು. ಸಂಜೀವಕುಮಾರನ ಕೈಯಲ್ಲಿ ಹೂ ಹಣ್ಣು ಇರಲಿಲ್ಲ. ನೀರಿನ ಸ್ಯಾಂಪಲ್ ಬಾಟಲಿಗಳಿದ್ದವು. ಜೀಪಿನಲ್ಲಿ ಅದೇ ಹಿರಿಯ ಅಧಿಕಾರಿ ಕುಳಿತಿದ್ದರು.

ಚಂದವ್ವನಿಗೆ ಅವೇನೂ ಕಾಣಲಿಲ್ಲ. ಚರಗಿ ತುಂಬ ಮಜ್ಜಿಗೆ ತಂದು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಬಾ ನನ್ನಪ್ಪಾ. ಬಿಸಲಾಗ ಬಂದಿ. ಮೊದಲ ಇದನ್ನ ಕುಡಿ. ಮಾತು ಆಮ್ಯಾಲ."

ಅವನು ಚರಗಿ ನೋಡಿದ. ಅವಳ ಇಳಕಲ್ ಸೀರೆ ನೋಡಿದ.

"ಒಲ್ಲೆಬೇ..."

"ಏನು?"

"ಮಜ್ಜಿಗಿ ಒಲ್ಲೆ. ಬಾವಿ ಎಲ್ಲೈತಿ, ತೋರಸ್ರಿ."

ಎಪ್ಪತ್ತು ವರ್ಷದಲ್ಲಿ ಆ ಅಂಗಳದಲ್ಲಿ ನಿಂತು ಯಾರೂ ಆ ಮಾತು ಆಡಿರಲಿಲ್ಲ! ಚಾಚಿದ ಕೈ ಚಾಚಿದ ಹಾಗೇ ಉಳಿಯಿತು. ಅವನು ಬಾವಿಯಿಂದ ನೀರು ತುಂಬಿಕೊಂಡು ಹಿಂದಿರುಗಿ ಜೀಪು ಹತ್ತುವಾಗಲೂ ಚಂದವ್ವ ಚರಗಿ ಹಿಡಿದುಕೊಂಡೇ ನಿಂತಿದ್ದಳು. ಸುರೇಖಾ ಓಡಿಬಂದು ಅದನ್ನು ಅವಳ ಕೈಯಿಂದ ಬಿಡಿಸಿ, ಅಲ್ಲೇ ಮಣ್ಣಿನ ಮೇಲೆ ಕುಳಿತು ಎಲ್ಲ ಹೇಳಿದಳು.

ಹಳೆಯ ಬಾವಿಗೆ ಮೊದಲ ಮಳೆಯ ಹೊಲಸು ನೀರು ಇಳಿದಿತ್ತು ಎಂದು ವರದಿ ಬಂತು. ಹದಿನೇಳು ಜನರೂ ಗುಣವಾಗಿ ಮನೆಗೆ ಹೋದರು. ಧರ್ಮರಾಜ ಮಾತ್ರ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಸಂಜೀವಕುಮಾರನಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತೆಂದು ಸುಲ್ತಾನಬಿ ಸುದ್ದಿ ತಂದಳು. ಹೆಣ್ಣುಮಗಳ ಗಾಡಿ ಮುಚ್ಚಿಸಿ ತನ್ನ ನೌಕರಿ ಉಳಿಸಿಕೊಂಡ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಂದಿ ಮಾತಾಡಿಕೊಂಡರು. ಸುರೇಖಾ ಅದನ್ನು ನಂಬಿದಳು. ನಂಬಿದರೂ ಫೋನಿಗೆ ದಿನಾ ತಪ್ಪದೆ ಚಾರ್ಜ್ ಹಾಕುತ್ತಿದ್ದಳು. ಅದು ಒಂದು ದಿನವೂ ಅವನ ಹೆಸರಿನಲ್ಲಿ ಬಡಿದುಕೊಳ್ಳಲಿಲ್ಲ.

ಅವಳು ಮಂದಿಯ ಹೊಲಕ್ಕೆ ಕೂಲಿಗೆ ಹೋದಳು. ಚಂದವ್ವ ಕಡೆಗೋಲು ಮುಟ್ಟುವುದನ್ನೇ ಬಿಟ್ಟಳು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಧರ್ಮರಾಜನೇ ಬಂದು "ನಾ ಗಟ್ಟಿ ಅದೇನಿ, ಬಿಡಬೇ ಯವ್ವಾ" ಎಂದು ಸಮಾಧಾನ ಹೇಳಿದರೂ ಅವಳು ತಲೆಯೆತ್ತಲಿಲ್ಲ.

ದಸರೆ ಕಳೆದು ಸೀಗಿ ಹುಣ್ಣಿಮೆಯ ಹೊತ್ತಿಗೆ ಚಂದವ್ವ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ತಾನಾಗಿ ಸೊಸೆಯನ್ನು ಕರೆದಳು.

"ಆ ಹುಡುಗ ಹೆಂಗ ಮಾಡು ಅಂತಿದ್ದ ನೀರಿಗಿ?"

"ಕುದಿಸಿ ಆರಸ್ಬೇಕು ಅಂತಿದ್ದ."

"ಹಂಗ ಮಾಡಿ ಒಂದೀಟು ಮಜ್ಜಿಗಿ ಕೊಡು. ರುಚಿ ಹೆಂಗಿರತೈತಿ ನೋಡೂಣು."

ಸುರೇಖಾ ನೀರು ಕುದಿಸಿದಳು, ಆರಿಸಿದಳು, ಮೊಸರು ಕಡೆದು ಬೆರೆಸಿ, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಚಂದವ್ವ ಬಾಯಲ್ಲಿಟ್ಟುಕೊಂಡು ನಿಧಾನ ನುಂಗಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು.

"ಅದ ರುಚಿ ಐತೆಲ್ಲಬೇ... ಇಷ್ಟ ಇತ್ತೇನು? ಒಂದು ಕುದಿ?"

"ಅತ್ತಿ, ಅಳಬ್ಯಾಡ..."

"ಅವಾ ಒಲ್ಲೆ ಅಂದಾಗ ಅವನ ಕೈ ನಡಗತಿತ್ತು, ಸುರೇಖಾ. ನಾ ನೋಡೇನಿ. ಸಿಟ್ಟು ಇಟ್ಕೋಬ್ಯಾಡ."

ಮೂರು ದಿನಕ್ಕೆ ಚಂದವ್ವ ಹೋದಳು. ಸುರೇಖಾಳ ಕೈ ಮೇಲೆ ಕೈ ಇಟ್ಟು ಕೂರುವವರು ಇನ್ನು ಯಾರೂ ಇರಲಿಲ್ಲ. ಹಸಿರು ಬಳೆ ನೋಡಿದಾಗಲೆಲ್ಲ ಅವಳಿಗೆ ಕಾಂತುವಿಗಿಂತ ಅತ್ತೆಯೇ ನೆನಪಾಗುತ್ತಿದ್ದಳು.

ಎರಡು ತಿಂಗಳ ಮೇಲೆ ಸಿಂದಗಿಯ ಆಫೀಸಿನಿಂದ ಕರೆ ಬಂತು. ಅಲ್ಲಿಗೆ ಹೊಸದಾಗಿ ವಿದ್ಯಾವತಿ ಎಂಬ ಮೇಡಂ ಬಂದಿದ್ದರು. ಫೈಲು ಬಿಚ್ಚಿ, ಕುಂಕುಮದ ಕಲೆಯಿದ್ದ ಅದೇ ನೋಂದಣಿ ಚೀಟಿಯನ್ನು ಅವಳ ಮುಂದಿಟ್ಟರು.

"ವಿಚಾರಣೆ ಮುಗೀತು. ಅಮಾನತು ತೆಗೆದೀವಿ. ಮಜ್ಜಿಗಿನೂ ಪಟ್ಟಿಯೊಳಗ ಬರಸ್ಬೇಕು, ಫುಕಟ್ ಕೊಟ್ಟರೂ. ನೀರು ಕುದಿಸಿದ್ದು ಇರ್ಬೇಕು. ಇನ್ನ ನೀವು ಗಾಡಿ ಹಚ್ಚಬಹುದು."

ಸುರೇಖಾಳಿಗೆ ನಂಬಿಕೆಯಾಗಲಿಲ್ಲ. "ರದ್ದs ಆಗಿರ್ತೈತಿ ಅಂತ ತಿಳಿದಿದ್ದೆ ರಿ..."

"ಆಗತಿತ್ತು. ಕೇಸೂ ಆಗತಿತ್ತು. ಇದೊಂದು ಹೇಳಿಕೆ ಇರಲಿಲ್ಲ ಅಂದ್ರ." ವಿದ್ಯಾವತಿ ಒಂದು ಹಾಳೆ ತಿರುಗಿಸಿ ಅವಳ ಕಡೆ ಸರಿಸಿದರು.

ಗುಂಡಾದ ಅಕ್ಷರ. ಅವಳ ಅರ್ಜಿ ತುಂಬಿದ್ದ ಅಕ್ಷರವೇ.

'ಸದರಿ ಗಾಡಿಯಲ್ಲಿ ಮಜ್ಜಿಗೆಯನ್ನು ಮಾರದೆ ಉಚಿತವಾಗಿ ಕೊಡುವ ಪದ್ಧತಿ ಇದೆ. ಅರ್ಜಿದಾರರು ಅದನ್ನು ಮುಚ್ಚಿಟ್ಟಿಲ್ಲ. ಅರ್ಜಿ ತುಂಬಿದವನು ನಾನು. ತುಂಬುವಾಗ ಅದೇ ಮಜ್ಜಿಗೆ ಕುಡಿಯುತ್ತಿದ್ದವನೂ ನಾನು. ನಂತರ ಪ್ರತಿದಿನ ಕುಡಿದಿದ್ದೇನೆ. ಘಟನೆಯ ದಿನವೂ ಕುಡಿದು ಅಸ್ವಸ್ಥನಾಗಿದ್ದೆ. ಆ ಮಜ್ಜಿಗೆಯ ನೀರಿನ ಮೂಲ ವಿಚಾರಿಸುವುದು ನನ್ನ ಕರ್ತವ್ಯವಾಗಿತ್ತು. ವಿಚಾರಿಸಲಿಲ್ಲ. ಲೋಪ ನನ್ನದು. ಶಿಕ್ಷೆ ನನಗಾಗಲಿ. ಅರ್ಜಿದಾರರಿಗೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.'

ಅಕ್ಷರಗಳು ಮಂಜಾದವು.

"ವಿಚಾರಣೆ ಮುಗಿಯೂತನಕ ಅವರು ನಿಮ್ಮ ಜೋಡಿ ಮಾತಾಡಾಂಗಿರಲಿಲ್ಲ" ಎಂದರು ವಿದ್ಯಾವತಿ. "ಒಂದು ಫೋನ್ ಮಾಡಿದ್ರೂ, ಇವಾ ಆಕಿ ಕಡೆಯಾವ ಅಂತ ಈ ಹೇಳಿಕೆಗೆ ಕಿಮ್ಮತ್ತು ಇರತಿರಲಿಲ್ಲ. ಬಡ್ತಿ ನಿಂತಿತು, ಎತ್ತಂಗಡಿ ಆತು. ಒಂದು ಮಾತು ಆಡಲಿಲ್ಲ ಮನುಷ್ಯಾ."

ಮುಂದೆ ಬಂದ ಸೋಮವಾರವೇ ಸುರೇಖಾ ನಸುಕಿನಲ್ಲೆದ್ದು ನೀರು ಕುದಿಸಿದಳು. ಮಜ್ಜಿಗೆ ಮಾಡಿ ಸಣ್ಣ ಕ್ಯಾನಿಗೆ ತುಂಬಿದಳು. ಅತ್ತೆಯ ಚರಗಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ 'ಇದು ಅವನ ಊರು' ಎಂದು ಸುತ್ತ ನೋಡಿದಳು. ಮುದ್ದೇಬಿಹಾಳ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಆಫೀಸಿಗೆ ಹೋಗುವ ಕೆಲಸವೇ ಬೀಳಲಿಲ್ಲ. ಬಜಾರಿನಲ್ಲಿ ಮಿರ್ಚಿ ಭಜಿಯ ಗಾಡಿಯೊಂದರ ಮುಂದೆ ಪರಿಚಯದ ದನಿ ಕೇಳಿಸಿತು.

"ಬಳಿ ತಗೀಬ್ಯಾಡ್ರಿ ಯಕ್ಕಾ, ಮುಚ್ಚ್ರಿ, ಸಾಕು" ಎನ್ನುತ್ತ ಸಂಜೀವಕುಮಾರ ತನ್ನ ಚೀಲದಿಂದ ಬಿಳಿ ಬಟ್ಟೆಯ ತೋಳು ತೆಗೆದು ಭಜಿಯವಳಿಗೆ ಕೊಡುತ್ತಿದ್ದ.

ಸುರೇಖಾ ಅಲ್ಲೇ ನಿಂತುಬಿಟ್ಟಳು. ಅವನು ತಿರುಗಿದ. ಎಷ್ಟು ಇಳಿದು ಹೋಗಿದ್ದ!

"ನೀವು...?"

"ಸೋಮವಾರ ಬರ್ತೇನಿ ಅಂದಿದ್ರಿ."

"ಬಂದಿದ್ದೆನಲ್ಲ..."

"ಬಂದದ್ದು ಇನ್‌ಸ್ಪೆಕ್ಟರ್ ಸಾಹೇಬ್ರು. ನೀವು ಬರಲಿಲ್ಲ. ಅದಕ್ಕ ನಾನs ಬಂದೇನಿ. ಆ ಹಾಳಿ ಓದೇನಿ ರಿ. ವಿದ್ಯಾವತಿ ಮೇಡಂ ತೋರಿಸಿದ್ರು."

ಅವನು ತಲೆ ತಗ್ಗಿಸಿದ. ಮೆಲ್ಲಗೆ ಕೇಳಿದ.

"ಅವ್ವ ಹೆಂಗದಾಳ? ದಿನಾ ಆ ಚರಗಿ ಕಣ್ಣ ಮುಂದ ಬರತೈತಿ. ಫೈಲು ಮುಗೀಲಿ, ಹೋಗಿ ಕಾಲು ಹಿಡಕೋತೇನಿ ಅಂತ ಕಾಯಾಕತ್ತೇನಿ..."

ಸುರೇಖಾ ಚೀಲದಿಂದ ಅತ್ತೆಯ ಚರಗಿ ತೆಗೆದಳು. ಅದು ಅವಳ ಕೈಯಲ್ಲಿದ್ದುದನ್ನು ನೋಡಿಯೇ ಅವನಿಗೆ ತಿಳಿಯಿತು.

"ಯಾವಾಗ?"

"ಸೀಗಿ ಹುಣ್ಣವಿ ಮುಂದ."

ಅವನು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಬಜಾರು ನೋಡುತ್ತಿದೆ ಎಂಬ ಖಬರಿಲ್ಲದೆ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಜೀಪಿನ್ಯಾಗ ದೊಡ್ಡ ಸಾಹೇಬ್ರು ಕುಂತಿದ್ರು, ಸುರೇಖಾ. ಕುಡದಿದ್ರ ನನ್ನ ಮಾತು ಯಾರೂ ನಂಬತಿರಲಿಲ್ಲ, ನಿನ್ನ ಗಾಡಿ ಹೋಗತಿತ್ತು. ಹಂಗಂತ ಆ ಮುದುಕಿ ಕೈ..."

"ನಿಮ್ಮ ಕೈ ನಡಗತಿತ್ತಂತ. ಆಕಿ ನೋಡಿದ್ಲು. ಸಿಟ್ಟು ಇಟ್ಕೋಬ್ಯಾಡ ಅಂತ ನನಗ ಹೇಳಿ ಹೋದ್ಲು."

ಅವಳು ಪಕ್ಕದಲ್ಲಿ ಕುಳಿತು ಚರಗಿಗೆ ಮಜ್ಜಿಗೆ ಸುರಿದು ಅವನ ಮುಂದೆ ಹಿಡಿದಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ತುಟಿಯ ಹತ್ತಿರ ಒಯ್ದವನು ನಿಲ್ಲಿಸಿದ. ಮತ್ತೆ ಒಲ್ಲೆ ಅನ್ನುವನೇ?

"ನೀರು ಎಲ್ಲಿಂದು?" ಎಂದು ಕೇಳಿದ, ಒದ್ದೆ ದನಿಯಲ್ಲಿ.

ಅವಳಿಗೆ ಅಳುವಿನ ನಡುವೆ ನಗು ಬಂತು. "ಕುದಿಸಿ ಆರಿಸಿದ್ದು ರಿ. ಉಗರ ತಗದೇನಿ, ಕೈ ತೊಳದೇನಿ. ಬಳಿ ಮಾತ್ರ ಮುಚ್ಚಿಲ್ಲ. ನನ್ನ ತೋಳು ನಿಮ್ಮ ಕಡೆ ಉಳದಾವ."

ಅವನು ಚೀಲದ ತಳದಿಂದ ಒಂದು ಜೋಡಿ ತೆಗೆದ. ಒಗೆದು, ಮಡಿಚಿ, ಬೇರೆಯಾಗಿ ಇಟ್ಟುಕೊಂಡಿದ್ದ. ಹಸಿರು ಬಳೆಗಳ ಮೇಲೆ ಒಂದೊಂದಾಗಿ ಏರಿಸಿದ.

"ನಾಳೆನೂ ಕೇಳ್ತೀರೇನು, ನೀರು ಎಲ್ಲಿಂದು ಅಂತ?"

"ದಿನಾ ಕೇಳ್ತೇನಿ. ಮೊದಲ ದಿನ ಮಜ್ಜಿಗಿದು ಕೇಳಲಿಲ್ಲಲ್ಲ... ಇನ್ನ ಜೀವ ಇರೂತನಕ ಕೇಳ್ತೇನಿ."

"ಕೇಳ್ರಿ. ದಿನಾ ಹೇಳ್ತೇನಿ."

ಅವನು ಚರಗಿ ಎತ್ತಿ ಒಂದೇ ಉಸಿರಿಗೆ ಕುಡಿದ. ಬರಿದಾದ ಚರಗಿಯನ್ನು ಮತ್ತೆ ಅವಳ ಮುಂದೆ ಹಿಡಿದ.

"ಇನ್ನೊಂದು ಹಾಕು."

"ಅಷ್ಟು ನೀರಡಿಕಿ ಆಗೈತೇನು?"

"ಇದು ನೀ ಕೊಟ್ಟದ್ದು. ಅವ್ವ ಕೊಟ್ಟದ್ದು ಇನ್ನೂ ಕುಡದಿಲ್ಲ."

ಸುರೇಖಾ ಕ್ಯಾನು ಬಗ್ಗಿಸಿ ಚರಗಿಯ ಅಂಚಿನತನಕ ತುಂಬಿದಳು. ಚಂದವ್ವ ಕೊಡುತ್ತಿದ್ದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅವನಿಗೆ ಚಾಚಿದಳು.

"ಕುಡಿ ನನ್ನಪ್ಪಾ" ಎಂದಳು, ಅತ್ತೆಯ ಮಾತಿನಲ್ಲೇ.